ನಾನು ಗುರುತು ಹಾಕಿಕೊಟ್ಟ ನೀರು

ಕಳೆದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಾನು ಬಿಟ್ಟುಬಂದ ಕೆಲಸಕ್ಕೆ ಸೇರಿದವಳು. ಯಾವ ಬೂಟು ಒಳ್ಳೆಯದು, ಮಳೆಗಾಲದಲ್ಲಿ ಜಿಗಣೆಗೆ ಏನು ಹಚ್ಚಬೇಕು, ಬೈನಾಕ್ಯುಲರ್ ಅವರೇ ಕೊಡುತ್ತಾರೋ ನಾವೇ ಕೊಳ್ಳಬೇಕೋ ಎಂದು ಕೇಳಿದಳು. ಮೂರಕ್ಕೂ ಉತ್ತರ ಹೇಳಿದೆ. ಫೋನ್ ಇಟ್ಟ ಮೇಲೆ, ಹೇಳಲೇಬೇಕಾಗಿದ್ದ ಒಂದು ವಿಷಯ ಹೇಳದೆ ಉಳಿಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಬಾಯಿಮಾತಿನಲ್ಲಿ ನಾನು ಯಾವಾಗಲೂ ಹಿಂದೆ. ಅದಕ್ಕೇ ಬರೆಯುತ್ತಿದ್ದೇನೆ, ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಹೊರಟಿರುವ ಉಳಿದವರಿಗೂ.

ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಐದು ವರ್ಷ ಮಾಡಿದೆ, ಬಿಟ್ಟೆ. ಆದರೆ ಆ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲ. ಆ ಅರ್ಥದಲ್ಲಿ ನಿವೃತ್ತಳೇ.

ಬೆಳಗೋಡಿನಿಂದ ಮೇಲಕ್ಕೆ, ಕಾಫಿ ಎಸ್ಟೇಟಿನೊಳಗೆ ಒಂದು ಹೋಮ್‌ಸ್ಟೇ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಬರುವ ಅತಿಥಿಗಳಿಗೆ ಹಕ್ಕಿ ತೋರಿಸುವುದು ನನ್ನ ಕೆಲಸ. ಬೆಳಿಗ್ಗೆ ಎಸ್ಟೇಟಿನ ಅಂಚಿನ ಕಾಡಿನಲ್ಲಿ ನಡಿಗೆ, ಸಂಜೆ ಜೀಪಿನಲ್ಲಿ ಪಾಳ್ಯದ ಕಡೆಯ ಕೆರೆಗೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಹಕ್ಕಿಗಳ ಹೆಸರನ್ನು ಮೂರು ಭಾಷೆಯಲ್ಲಿ ಹೇಳಬಲ್ಲೆನಾದ್ದರಿಂದ ಅವು ಗೊತ್ತು ಎಂದೇ ಅಂದುಕೊಂಡಿದ್ದೆ.

ಮೊದಲ ವಾರದಲ್ಲೇ ಅದು ತಪ್ಪೆಂದು ತಿಳಿಯಿತು. ಎಂಟು ಜನ ಅತಿಥಿಗಳನ್ನು ನಿಲ್ಲಿಸಿ, ಕಿವಿಯ ಬಳಿ ಕೈಯಿಟ್ಟು, ಹಾವುಗಿಡುಗ ಕೂಗುತ್ತಿದೆ, ಎತ್ತರದ ಕೊಂಬೆಗಳನ್ನು ನೋಡಿ ಎಂದೆ. ಎಲ್ಲರೂ ಕತ್ತು ನೋಯುವಷ್ಟು ಹೊತ್ತು ನೋಡಿದರು. ಮತ್ತೆ ಅದೇ ಮರದಿಂದ ಮಂಗಟ್ಟೆ ಹಕ್ಕಿಯ ಕೂಗು, ಆಮೇಲೆ ಬೆಕ್ಕಿನ ಕೂಗು. ನನ್ನ ಹಿಂದೆ ನಿಂತಿದ್ದ ಮಲ್ಲೇಶಣ್ಣ ಬೀಡಿಯನ್ನು ಕಿವಿಯ ಸಂದಿಯಲ್ಲಿ ಸರಿಮಾಡಿಕೊಳ್ಳುತ್ತಾ ನನಗೆ ಮಾತ್ರ ಕೇಳುವಂತೆ ಹೇಳಿದರು.

"ಭೀಮರಾಜ ಕಣವ್ವ ಅದು. ಅಣಕುಸ್ತಾ ಐತೆ. ಹೊಸಬ್ರು ಬಂದ್ರೆ ಅದುಕ್ಕೆ ಖುಷಿ."

ಮಲ್ಲೇಶಣ್ಣ ಎಸ್ಟೇಟಿನ ಹಳೆಯ ಆಳು. ಅರವತ್ತರ ಆಸುಪಾಸು, ಲೈನಿನ, ಎಂದರೆ ಆಳುಗಳ ಮನೆಸಾಲಿನ, ಕೊನೆಯ ಮನೆಯಲ್ಲಿ ವಾಸ. ದಾರಿ ತೋರಿಸಲು, ಆನೆ ಹತ್ತಿರದಲ್ಲಿದ್ದರೆ ಮೊದಲೇ ಹೇಳಲು ಅವರನ್ನು ನನ್ನ ಜೊತೆಗೆ ಹಾಕಿದ್ದರು. ಬೈನಾಕ್ಯುಲರನ್ನು ಒಮ್ಮೆಯೂ ಮುಟ್ಟಿದವರಲ್ಲ. ನಾನು ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದುದನ್ನು ನೋಡಿ, ಮದುವೆ ಮನೆಯಲ್ಲಿ ಮುಯ್ಯಿ ಬರೆಯೋ ಹಂಗೆ ಬರೀತೀರಲ್ಲವ್ವ ಎಂದು ನಗುತ್ತಿದ್ದರು. ಯಾವ ಹಕ್ಕಿ, ಎಷ್ಟು, ಎಷ್ಟು ಗಂಟೆಗೆ, ಏನು ಮಾಡುತ್ತಿತ್ತು. ಐದು ವರ್ಷಕ್ಕೆ ಹದಿನಾಲ್ಕು ಪುಸ್ತಕ ತುಂಬಿದವು. ಆ ಪುಸ್ತಕಗಳ ಬಗ್ಗೆ ನನಗೆ ಹೆಮ್ಮೆಯಿತ್ತು. ಈ ಬರಹ ಅದರ ಬಗ್ಗೆಯೇ.

ಮೊದಲು ಕೆರೆಯ ಸಂಗತಿ. ಬೇಸಿಗೆಯಲ್ಲಿ ಪಾಳ್ಯದ ಕಡೆಯ ಕೆರೆಗಳು ನಡುವಿನ ಒಂದು ಹೊಂಡಕ್ಕೆ ಇಳಿಯುತ್ತವೆ. ಸುತ್ತ ಬಿರುಕುಬಿಟ್ಟ ಕೆಸರು, ಅದರಾಚೆ ಒಣ ಅಂಗಳ. ಆ ಅಂಗಳದ ಮೇಲೆಯೇ ಟಿಟ್ಟಿಭ ಮೊಟ್ಟೆಯಿಡುತ್ತದೆ. ಗೂಡು ಎಂದರೆ ನಾಲ್ಕು ಬೆಣಚುಕಲ್ಲು, ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆ. ನನ್ನ ಎರಡನೆಯ ಬೇಸಿಗೆಯಲ್ಲಿ ಉದ್ದನೆಯ ಲೆನ್ಸಿನ ಅತಿಥಿಯೊಬ್ಬರು, ಬಣ್ಣದ ಕೊಕ್ಕರೆಗಳು ದೂರವಾದವು, ಜೀಪನ್ನು ಕೆರೆಯ ಅಂಗಳಕ್ಕೆ ಇಳಿಸಿ ಎಂದರು. ಕೂಡದು, ಮೊಟ್ಟೆಯಿಡುವ ಕಾಲ ಎಂದೆ. ಡ್ರೈವರು ನನ್ನ ಮುಖ ನೋಡಲಿಲ್ಲ, ಅವರ ಮುಖ ನೋಡಿದ. ನಿಧಾನವಾಗಿ ಹೋದರೆ ಏನೂ ಆಗಲ್ಲ ಎಂದರು ಅವರು. ಜೀಪು ಇಳಿಯಿತು. ಎರಡು ಟಿಟ್ಟಿಭಗಳು ನಮ್ಮ ತಲೆಯ ಮೇಲೆ ಸುತ್ತುತ್ತಾ ಅರಚಿದವು. "ಇದ್ಯಾಕೆ ಇಷ್ಟು ಗಲಾಟೆ ಮಾಡುತ್ತೆ, ಕೊಕ್ಕರೆ ಹಾರಿಹೋಗುತ್ತಲ್ಲ" ಎಂದು ಅವರಿಗೆ ಬೇಸರ.

ಚಕ್ರದ ಗುರುತಿನಲ್ಲಿ ಒಂದು ಗೂಡಿನ ನಾಲ್ಕು ಮೊಟ್ಟೆಗಳಲ್ಲಿ ಎರಡು ಒಡೆದು ಅಂಟಿಕೊಂಡಿದ್ದವು. ನಾನು ಇಳಿದು, ಕೆರೆಯ ಏರಿ ಸಿಗುವವರೆಗೆ ಜೀಪಿನ ಮುಂದೆ ನೆಲ ನೋಡುತ್ತಾ ನಡೆದೆ. ಒಂದು ಮಾತೂ ಆಡಲಿಲ್ಲ. ಆಗ ಅದನ್ನು ಸಂಯಮ ಎಂದುಕೊಂಡಿದ್ದೆ. ಈಗ ಆ ಪದ ಬಳಸುವುದಿಲ್ಲ. ಅತಿಥಿಗಳು ಹೋಗುವಾಗ, ಗೈಡ್ ಗಂಟುಮೋರೆ ಎಂದು ಅಭಿಪ್ರಾಯದ ಪುಸ್ತಕದಲ್ಲಿ ಬರೆದಿಟ್ಟು ಹೋದರು. ಮಾರನೆಯ ದಿನ ಯಜಮಾನರು ನನ್ನನ್ನು ಕರೆಸಿದರು.

ಯಜಮಾನರು ಎಂದರೆ ಎಸ್ಟೇಟಿನ ಮಾಲೀಕರು. ಕೆಟ್ಟ ಮಾತು ಬಾಯಲ್ಲಿ ಬಾರದ ಮನುಷ್ಯ. ಬೆಳಿಗ್ಗೆ ವಿಭೂತಿ ಧರಿಸಿ ಪೂಜೆ ಮುಗಿಸದೆ ಕಾಫಿ ಮುಟ್ಟುತ್ತಿರಲಿಲ್ಲ. ನನಗೂ ತಮ್ಮ ಎದುರು ಕುರ್ಚಿ ಹಾಕಿಸುತ್ತಿದ್ದರು. "ಮೊಟ್ಟೆ ಹೋಗಿದ್ದು ನಂಗೂ ಬೇಜಾರೇ ಕಣಮ್ಮ. ಆದ್ರೆ ದೂರದಿಂದ ಬಂದಿರ್ತಾರೆ. ಮುಖ ಸ್ವಲ್ಪ ನಗ್ತಾ ಇರ್ಲಿ" ಎಂದರು. ಮೊಟ್ಟೆಯ ಮಾತು ಅಲ್ಲಿಗೆ ಮುಗಿಯಿತು, ನನ್ನ ಮುಖದ ಮಾತು ಮಾತ್ರ ಬಹಳ ದಿನ ಉಳಿಯಿತು.

ಆಮೇಲೆ ಕೆಲಸದ ರೀತಿ ಬದಲಾಗುತ್ತಾ ಹೋಯಿತು. ನಾನು ಸೇರಿದಾಗ ಕಿವಿಯಿಂದ ಹಕ್ಕಿ ಹುಡುಕುತ್ತಿದ್ದೆವು. ಒಂದು ಗಂಟೆ ನಡೆದು ಏನೂ ಕಾಣದೆ ಬಂದರೂ ಅತಿಥಿಗಳು, ನಡಿಗೆ ಚೆನ್ನಾಗಿತ್ತು ಎನ್ನುತ್ತಿದ್ದರು. ಮೂರನೆಯ ವರ್ಷ ಬೆಂಕಿಪೊಟ್ಟಣದಷ್ಟು ಸ್ಪೀಕರ್ ಬಂತು. ಹಕ್ಕಿಯ ಕೂಗನ್ನು ಅದರಲ್ಲಿ ಹಾಕಿದರೆ, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ನಿಜವಾದ ಹಕ್ಕಿ ಜಗಳಕ್ಕೆ ಬರುತ್ತದೆ. ಫೋಟೋ ಸಿಗುತ್ತದೆ. ಮರಿಗಳಿಗೆ ಹುಳು ತರುವುದನ್ನು ಬಿಟ್ಟು ಒಂದು ರಾಜಹಕ್ಕಿ, ಉದ್ದನೆಯ ಬಿಳಿಯ ಬಾಲ ಬೀಸುತ್ತಾ, ಆ ಕಪ್ಪು ಡಬ್ಬಿಯ ಮೇಲೆ ಮುಕ್ಕಾಲು ಗಂಟೆ ಎರಗಿದ್ದನ್ನು ನಾನು ಸಮಯ ಸಮೇತ ಬರೆದಿಟ್ಟಿದ್ದೇನೆ. ನಾನು ಸ್ಪೀಕರ್ ಹಿಡಿಯುವುದಿಲ್ಲ ಎಂದೆ. ಯಜಮಾನರು ಬಲವಂತ ಮಾಡಲಿಲ್ಲ, ಡ್ರೈವರಿನ ಕೈಗೆ ಕೊಟ್ಟರು. ನಾನು ಕೈ ತೊಳೆದುಕೊಂಡೆ ಎಂದು ನನಗೆ ಸಮಾಧಾನ. ರಾಜಹಕ್ಕಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಇನ್ನು ಆ ಐದನೆಯ ಬೇಸಿಗೆ.

ಶಿವರಾತ್ರಿ ಕಳೆದರೂ ಮಳೆಯ ಸುಳಿವಿಲ್ಲ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದೆ ಎಲ್ಲ ಎಸ್ಟೇಟುಗಳಲ್ಲೂ ಹಳ್ಳಕ್ಕೆ ಪಂಪಿಟ್ಟು ನೀರು ಎಳೆದು ಸ್ಪ್ರಿಂಕ್ಲರ್ ಹಾಕಿದರು. ಮಾರ್ಚ್ ನಡುವಿಗೆ ಹಳ್ಳ ಕಲ್ಲು ತೋರಿಸಿತು. ಪಾಳ್ಯದ ಕೆರೆ ಹೊಂಡವೂ ಉಳಿಯದೆ ಬರಿದಾಯಿತು. ಕಾಡಿನ ನಡಿಗೆಯಲ್ಲಿ ಹರಟೆಮಲ್ಲಗಳು ಕೂಡ ಮಾತು ಕಡಿಮೆ ಮಾಡಿ, ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಾ ನೆರಳಲ್ಲಿ ಕುಳಿತಿರುತ್ತಿದ್ದವು.

ಇವು ನೀರು ಎಲ್ಲಿ ಕುಡಿಯುತ್ತವೆ ಎಂದು ಹುಡುಕಿದೆ. ರಜೆಯ ದಿನಗಳಲ್ಲಿ ಒಬ್ಬಳೇ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಮರದ ಮರೆಯಲ್ಲಿ ಕುಳಿತು, ಮೂರು ಜಾಗ ಕಂಡುಕೊಂಡೆ. ಒಂದು, ಬಂಡೆಯ ಮೇಲೆ ಜಿನುಗು ನಿಂತ ಗುಂಡಿ. ಎರಡು, ಹಳೆಯ ಮೋರಿಯ ಕೆಳಗೆ ಉಳಿದ ಮಡು. ಮೂರು, ಕಾಡಿನೊಳಗೆ ಹೆಬ್ಬಲಸಿನ ಬುಡದ ಒರತೆ. ಅಂಗೈಯಗಲದ ನೀರು, ಆದರೆ ಬತ್ತದ ನೀರು. ಬೆಳಿಗ್ಗೆ ಕಾಡುಕೋಳಿ, ಬಿಸಿಲೇರಿದ ಮೇಲೆ ಪಿಕಳಾರ, ಮಧ್ಯಾಹ್ನ ಹಸಿರು ರೆಕ್ಕೆಯ ಕಾಡುಪಾರಿವಾಳ, ಸಂಜೆ ನೆಲಸಿಳ್ಳಾರ. ಒಂದಾದ ಮೇಲೊಂದು, ಸರದಿ ಗೊತ್ತಿರುವವರ ಹಾಗೆ. ಆ ವರ್ಷ ನಾನು ನೋಡಿದ್ದರಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ.

ಮನೆಗೆ ಬಂದು ದೊಡ್ಡ ಹಾಳೆಯಲ್ಲಿ ನಕಾಶೆ ಬರೆದೆ. ದಾರಿಗಳಿಗೆ ಕಂದು ಶಾಯಿ, ಕಾಡಿಗೆ ಹಸಿರು, ಮೂರು ಜಾಗಕ್ಕೆ ಕೆಂಪಿನಲ್ಲಿ ಒಂದು, ಎರಡು, ಮೂರು. ಪಕ್ಕದಲ್ಲಿ ಯಾವ ಹಕ್ಕಿ ಯಾವ ಹೊತ್ತಿಗೆ ಬರುತ್ತದೆ ಎಂಬ ಪಟ್ಟಿ. ಯಜಮಾನರಿಗೆ ಕೊಟ್ಟು, ಮಳೆ ಬರುವವರೆಗೆ ಈ ಮೂರು ಕಡೆಗೆ ಅತಿಥಿಗಳನ್ನು ಕರೆದುಕೊಂಡು ಹೋಗುವುದು ಬೇಡ, ನಾನೂ ಹೋಗುವುದಿಲ್ಲ, ಪಂಪನ್ನೂ ಮೋರಿಯ ಹತ್ತಿರ ತರುವುದು ಬೇಡ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ಚಂದ ಮಾಡಿದ್ದೀಯಮ್ಮ. ಇದು ಆಫೀಸ್ನಲ್ಲೇ ಇರ್ಲಿ" ಎಂದರು. ನನಗೆ ಸಂತೋಷವಾಯಿತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಸಂತೋಷವಾದದ್ದು ನಿಜ.

ಎರಡು ವಾರದಲ್ಲಿ ಹೋಮ್‌ಸ್ಟೇಯ ಹಿಂದೆ ಹೈಡ್ ಎದ್ದಿತು. ಹಸಿರು ಬಲೆಯ ಗುಡಿಸಲು, ಒಳಗೆ ಆರು ಕುರ್ಚಿ, ಲೆನ್ಸ್ ತೂರಿಸಲು ಕಿಂಡಿ. ಎದುರಿಗೆ ಕಲ್ಲಿನ ಬಾನಿ, ಬಾನಿಗೆ ಪೈಪಿನಿಂದ ತೊಟ್ಟಿಕ್ಕುವ ನೀರು, ಅಂಚಿಗೆ ಎಲ್ಲಿಂದಲೋ ಕಿತ್ತು ತಂದು ಅಂಟಿಸಿದ ಪಾಚಿ, ಹಕ್ಕಿ ಕೂರಲು ಒಂದು ಚಂದದ ಕೊಂಬೆ. ಬಿಸಿಲಿನಲ್ಲಿ ನಡೆಯುವ ಕಷ್ಟವಿಲ್ಲ, ಕುರ್ಚಿಯಲ್ಲಿ ಕೂತರೆ ಸಾಕು. ಮೊದಲ ವಾರ ಒಂದೆರಡು ಪಿಕಳಾರ ಬಿಟ್ಟರೆ ಯಾವ ಹಕ್ಕಿಯೂ ಬರಲಿಲ್ಲ. ಅತಿಥಿಗಳು ಗೊಣಗಿದರು. ಯಾಕೆ ಬರುತ್ತಿಲ್ಲ ಎಂದು ಯಜಮಾನರು ನನ್ನನ್ನು ಕೇಳಿದರು.

ನಾನು ಪರೀಕ್ಷೆಯಲ್ಲಿ ಉತ್ತರ ಬರೆಯುವವಳಂತೆ ಹೇಳಿದೆ. ಕಾಡಿನೊಳಗೆ ನೀರು ಇರುವಷ್ಟು ದಿನ ಹಕ್ಕಿಗಳು ಮನೆಯ ಹತ್ತಿರ ಬರುವುದಿಲ್ಲ, ಬೇರೆಲ್ಲೂ ಸಿಗದಿದ್ದಾಗ ಮಾತ್ರ ಬರುತ್ತವೆ ಎಂದೆ. ಸರಿಯಾದ ಉತ್ತರ. ಅವರು ತಲೆಯಾಡಿಸಿದರು.

ಹತ್ತು ದಿನ ಕಳೆಯುವುದರೊಳಗೆ ಬಾನಿಯ ಸುತ್ತ ಹಕ್ಕಿಗಳ ಸಂತೆ. ಕಾಡುಕೋಳಿ, ಪಾರಿವಾಳ, ನೆಲಸಿಳ್ಳಾರ, ಉತ್ತರಕ್ಕೆ ವಲಸೆ ಹೊರಡುವ ಮೊದಲು ಇಲ್ಲಿನ ಕೊನೆಯ ದಿನಗಳಲ್ಲಿದ್ದ ನವರಂಗ ಕೂಡ. ಕುರ್ಚಿಗಳು ತುಂಬಿದವು. ನಾನು ಹೈಡಿನ ಮೂಲೆಯಲ್ಲಿ ಕುಳಿತು ಎಣಿಸಿ ಬರೆದೆ, ಹೆಸರು ಹೇಳಿದೆ, ಹೊಗಳಿಸಿಕೊಂಡೆ. ಮುಖದಲ್ಲಿ ನಗುವೂ ಇತ್ತು. ಬೇಸಿಗೆ ಕಾವೇರಿದ್ದರಿಂದ ಬಂದಿವೆ ಎಂದುಕೊಂಡೆ. ನಾನೇ ಹಾಕಿಕೊಂಡ ನಿಯಮದಂತೆ ಆ ಮೂರು ಜಾಗಕ್ಕೆ ಹೋಗಿರಲಿಲ್ಲ.

ಆ ದಿನಗಳಲ್ಲೇ ಮಲ್ಲೇಶಣ್ಣ ನನ್ನಿಂದ ದೂರವಾದರು. ನಡಿಗೆಗೆ ಬರುವುದನ್ನು ಬಿಟ್ಟರು. ಎದುರು ಸಿಕ್ಕಿದರೆ ಸ್ಟೋರಿನ ಕಡೆ ತಿರುಗಿ ಹೋಗುತ್ತಿದ್ದರು. ಮೈ ಸರಿಯಿಲ್ಲವೇನೋ ಎಂದು ವಿಚಾರಿಸಿದರೆ, ಚೆನ್ನಾಗವ್ನೆ ಎಂದರು ಲೈನಿನವರು.

ಒಂದು ಸೋಮವಾರ ಅತಿಥಿಗಳು ಯಾರೂ ಇರಲಿಲ್ಲ. ಬೆಳಿಗ್ಗೆ ಹೈಡಿನ ಕಡೆ ಹೋದೆ. ಬಾನಿ ಒಣಗಿತ್ತು. ಸುತ್ತಲ ಕೊಂಬೆಗಳಲ್ಲಿ ಹಕ್ಕಿಗಳು ಕೂತಿದ್ದವು. ಒಂದು ಪಾರಿವಾಳ ಬಾನಿಯೊಳಗೆ ಇಳಿದು ಒಣ ಕಲ್ಲನ್ನು ಕೊಕ್ಕಿನಿಂದ ಮುಟ್ಟಿ ನೋಡಿತು, ಇನ್ನೊಂದು ಕಡೆ ಮುಟ್ಟಿ ನೋಡಿತು. ಪೈಪಿನ ವಾಲ್ವ್ ತಿರುಗಿಸಿ ಮುಚ್ಚಿದ್ದರು. ಅಡುಗೆಯವನನ್ನು ಕೇಳಿದರೆ, ಬುಕಿಂಗ್ ಇಲ್ಲದ ದಿನ ನೀರು ಬಿಡಬೇಡ ಅಂದವ್ರೆ ಎಂದ. ದಿನವೆಲ್ಲ ನೀರಿದ್ದರೆ ಹಕ್ಕಿಗಳು ಯಾವಾಗಲೋ ಕುಡಿದು ಹೋಗುತ್ತವೆ, ಅತಿಥಿಗಳು ಕೂತು ಬೆಳಕು ಬಂದ ಮೇಲೆ ಬಿಟ್ಟರೆ ಎಲ್ಲ ಒಟ್ಟಿಗೆ ಬರುತ್ತವಂತೆ. ವಾಲ್ವ್ ತೆರೆದಿಟ್ಟು ಪೈಪಿನ ಜಾಡು ಹಿಡಿದು ನಡೆದೆ.

ಪೈಪು ಹೆಬ್ಬಲಸಿನ ಬುಡಕ್ಕೆ ಹೋಗಿ ನಿಂತಿತ್ತು. ಒರತೆಯ ಮೇಲೆ ಚಪ್ಪಡಿ, ಸುತ್ತ ಸಿಮೆಂಟು. ಚಪ್ಪಡಿಯ ಮೇಲೆ ಕೆಂಪು ಬಣ್ಣದಲ್ಲಿ ಮೂರು ಎಂದು ಬರೆದಿತ್ತು. ನನ್ನ ಮೂರು. ಓಡಿಹೋಗಿ ನೋಡಿದರೆ ಬಂಡೆಯ ಗುಂಡಿಗೆ ಜಲ್ಲಿ ತುಂಬಿ ಒಂದು ಎಂದು ಬರೆದಿದ್ದರು. ಮೋರಿಯ ಮಡುವನ್ನು ಪಂಪಿನಿಂದ ಹೀರಿ ಕೆಸರಾಗಿಸಿದ್ದರು, ಮೋರಿಯ ಕಲ್ಲಿನ ಮೇಲೆ ಎರಡು.

ಮತ್ತೆ ಹೆಬ್ಬಲಸಿನ ಬುಡಕ್ಕೆ ಬಂದು ಕುಳಿತೆ. ಆಗ ಕಂಡಿತು. ಸಿಮೆಂಟು ಹಸಿಯಾಗಿದ್ದಾಗ ಹಕ್ಕಿಗಳು ಬಂದಿದ್ದವು. ಅದರ ತುಂಬ ಹೆಜ್ಜೆಗಳು, ಒಣಗಿ ಗಟ್ಟಿಯಾಗಿದ್ದವು. ಕಾಡುಕೋಳಿಯ ಮೂರು ಬೆರಳು, ಪಾರಿವಾಳದ ಒಳಮುಖದ ಹೆಜ್ಜೆ, ನೆಲಸಿಳ್ಳಾರದ ಜೋಡಿ ಕುಪ್ಪಳಿಕೆ. ಚಪ್ಪಡಿಯ ಸುತ್ತ ಒಂದು ಸುತ್ತು, ಮತ್ತೊಂದು ಸುತ್ತು, ದಾರಿ ಎಲ್ಲಿ ಎಂದು ಹುಡುಕಿದ ಹಾಗೆ. ಅಭ್ಯಾಸಬಲದಿಂದ ನೋಟ್‌ಬುಕ್ ತೆಗೆದು ಹೆಜ್ಜೆಗಳ ಪಟ್ಟಿ ಬರೆಯಲು ಶುರುಮಾಡಿದೆ. ನಾಲ್ಕನೆಯ ಹೆಸರಿಗೆ ನಿಲ್ಲಿಸಿದೆ.

ಮಲ್ಲೇಶಣ್ಣನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದರು. ಒರತೆಗೆ ಸಿಮೆಂಟು ಹಾಕಿದವರು ಯಾರು ಎಂದು ಕೇಳಿದೆ. ಮಸೆಯುವುದನ್ನು ನಿಲ್ಲಿಸಲಿಲ್ಲ.

"ನಾನೇ ಹಾಕ್ದೆ. ಯಾಕೆ, ಸರಿಯಾಗಿ ಕೂತಿಲ್ವಾ?"

"ಯಾಕೆ ಹಾಕಿದ್ರಿ, ಮಲ್ಲೇಶಣ್ಣ?"

ಆಗ ತಲೆಯೆತ್ತಿದರು. ಐದು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ.

"ನನ್ನ ಕೇಳ್ತೀರಾ? ಮೇಡಂ ನಂಬ್ರ ಹಾಕ್ಕೊಟ್ಟವ್ರೆ, ಅದೇ ಪ್ರಕಾರ ಮುಚ್ಚಿ ಅಂದ್ರು. ನಿಮ್ಮ ಅಕ್ಷರ ನಂಗೆ ಗೊತ್ತಿಲ್ವಾ? ನಮ್ಮಪ್ಪನ ಕಾಲದಿಂದ ಆ ಒರತೆಗೆ ಸೊಪ್ಪು ಕುಯ್ಯಾಕೆ ಹೋದೋರೂ ಕಾಲಿಟ್ಟಿಲ್ಲ. ಓದ್ದೋರು ನೀವು ಹಿಂಗೆ ಮಾಡ್ಬುಟ್ರಲ್ಲ ಅಂತ ಹೊಟ್ಟೆ ಉರ್ದೋಯ್ತು ಕಣವ್ವ. ಅದುಕ್ಕೇ ನಿಮ್ಮ ಮುಖ ನೋಡ್ನಿಲ್ಲ."

ನಾನು ಆ ನಕಾಶೆಯನ್ನು ಯಾಕೆ ಕೊಟ್ಟೆ ಎಂದು ಹೇಳಿದೆ. ಪೂರ್ತಿ ಕೇಳಿದರು. ಕತ್ತಿ ಕೆಳಗಿಟ್ಟು, "ಕಾಪಾಡಾಕೆ ಅಂತ ಕೊಟ್ರಾ? ಅವ್ರಿಗೆ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಯಜಮಾನರ ಬಳಿಗೆ ಹೋದೆ. ಅವರು ಪೂಜೆ ಮುಗಿಸಿ ಬಂದು ನನಗೆ ಕಾಫಿ ತರಿಸಿದರು. ಅವರಿಗೆ ನನ್ನ ಸಿಟ್ಟು ನಿಜಕ್ಕೂ ಅರ್ಥವಾಗಲಿಲ್ಲ. "ನೀರೇನು ನಾನು ಮನೆಗೆ ತಗೊಂಡೆನಾ? ಅಲ್ಲಿ ಕೆಸರಲ್ಲಿ ಕುಡೀತಿದ್ವು, ಇಲ್ಲಿ ಕಲ್ಲಿನ ಬಾನೀಲಿ ಕುಡೀತವೆ. ಮಳೆ ಬಂದ್ಮೇಲೆ ತೆಗೆಸಿದ್ರಾಯ್ತು" ಎಂದರು. ಅತಿಥಿಗಳಿಲ್ಲದ ಸೋಮವಾರದಿಂದ ಗುರುವಾರದವರೆಗೆ ಅವು ಏನು ಕುಡಿಯಬೇಕು ಎಂದು ಕೇಳಿದೆ. ಕಾಫಿ ಆರುತ್ತದೆ, ಕುಡಿ ಎಂದರು. ಆಮೇಲೆ ಮೆತ್ತಗೆ, "ಬೇರೆ ಕಡೆ ಸಿಗದಿದ್ರೆ ಬರ್ತವೆ ಅಂತ ಹೇಳಿದ್ದು ನೀನೇ ಅಲ್ವೇನಮ್ಮ?" ಎಂದರು.

ಹೌದು, ನಾನೇ. ಅವರ ಆ ಮಾತನ್ನು ನಾನು ಇವತ್ತಿಗೂ ತಳ್ಳಿಹಾಕಲಾರೆ. ಆದರೆ ಒಂದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಬಾಯಾರಿದ ಜೀವದ ದಾರಿ ಕಟ್ಟಿ, ಅದು ಬೇರೆ ಗತಿಯಿಲ್ಲದೆ ನಮ್ಮ ಕಿಟಕಿಯ ಮುಂದೆ ಬಂದಾಗ ಅದಕ್ಕೆ ಪಕ್ಷಿಪ್ರೇಮ ಎಂದು ಬೋರ್ಡು ಹಾಕುವುದು ನೀಚತನ. ಮೆದುವಾಗಿ ಮಾತಾಡುವವರು ಮಾಡಿದರೂ ಅದು ನೀಚತನವೇ. ಅಂಥ ಫೋಟೋಗಳನ್ನು ಎಲ್ಲರೂ ನೋಡಿರುತ್ತಾರೆ. ಹಸಿರು ಪಾಚಿ, ಕನ್ನಡಿಯಂಥ ನೀರು, ತಲೆಬಾಗಿಸಿದ ಹಕ್ಕಿ. ಆ ಹಕ್ಕಿ ಎಷ್ಟು ದಿನದ ಮೇಲೆ ಕುಡಿಯುತ್ತಿದೆ ಎಂದು ಫೋಟೋದಲ್ಲಿ ಕಾಣುವುದಿಲ್ಲ.

ನಕಾಶೆ ವಾಪಸು ಕೊಡಿ ಎಂದೆ. ಸಂಬಳದ ದಿನಗಳಲ್ಲಿ ಮಾಡಿದ್ದು, ಎಸ್ಟೇಟಿಗೆ ಸೇರಿದ್ದು ಎಂದರು. ರಜೆಯಲ್ಲಿ ಮಾಡಿದ್ದೆ ಎನ್ನಲು ಬಾಯಿ ಬರಲಿಲ್ಲ, ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಸ್ಟೋರಿನಿಂದ ಹಾರೆ ತೆಗೆದುಕೊಂಡು ಹೊರಟೆ. ಸ್ಟೋರಿನ ಲೆಕ್ಕ ಬರೆಯುವ ರೈಟರು ಯಾಕೆಂದು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ತಮಾಷೆ ಎಂದುಕೊಂಡು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಹೆಬ್ಬಲಸಿನ ಬುಡದಲ್ಲಿ ಮಲ್ಲೇಶಣ್ಣ ಆಗಲೇ ನಿಂತಿದ್ದರು. ಕೆಲಸ ಹೋದೀತು, ಲೈನಿನ ಮನೆ ಹೋದೀತು, ನೀವು ಬರಬೇಡಿ ಎಂದೆ. "ಹಾಕ್ದೋನೇ ಕೀಳ್ಬೇಕು. ನಿಮ್ಗೆ ಸಂದು ಗೊತ್ತಾಗಲ್ಲ, ಬಿಡಿ" ಎಂದು ಹಾರೆ ಕಿತ್ತುಕೊಂಡರು. ಹೆಜ್ಜೆಗುರುತಿನ ಸಿಮೆಂಟು ಹೆಂಟೆ ಹೆಂಟೆಯಾಗಿ ಎದ್ದಿತು. ಆಮೇಲೆ ಬಂಡೆಯ ಗುಂಡಿಯ ಜಲ್ಲಿಯನ್ನು ಇಬ್ಬರೂ ಕೈಯಲ್ಲಿ ಬಾಚಿದೆವು. ಮಡುವಿಗೆ ನಾವು ಏನೂ ಮಾಡುವಂತಿರಲಿಲ್ಲ.

ನೀರು ಚಿಮ್ಮಲಿಲ್ಲ. ಪೈಪು ಕಿತ್ತ ಮೇಲೂ ಮಧ್ಯಾಹ್ನದವರೆಗೆ ಮಣ್ಣು ಬರೀ ಕಪ್ಪಾಗಿತ್ತು, ಅಷ್ಟೆ. ಮೂರು ಗಂಟೆಯ ಹೊತ್ತಿಗೆ ಬೆರಳದ್ದುವಷ್ಟು ನಿಂತಿತು. ಮೊದಲು ಬಂದದ್ದು ಭೀಮರಾಜ. ಕುಡಿಯುವ ಮೊದಲು ಮೇಲಿನ ಕೊಂಬೆಯಲ್ಲಿ ಕೂತು ಒಮ್ಮೆ ಹಾವುಗಿಡುಗದಂತೆ ಕೂಗಿತು. ಇಬ್ಬರೂ ತಲೆಯೆತ್ತಲಿಲ್ಲ.

ಎಲ್ಲವನ್ನೂ ನಾನೊಬ್ಬಳೇ ಮಾಡಿದೆ ಎಂದು ಯಜಮಾನರಿಗೆ ಬರೆದುಕೊಟ್ಟು ಕೆಲಸ ಬಿಟ್ಟೆ. ಅವರು ನನ್ನ ಕೈಗಳನ್ನು ನೋಡಿ, ಒಬ್ಬಳೇ ಎತ್ತಿದೆಯಾ ಚಪ್ಪಡೀನ ಎಂದರು. ಮತ್ತೆ ಕೇಳಲಿಲ್ಲ. ನಾನು ಹೋದ ಮೇಲೆ ಹಕ್ಕಿ ಎಲ್ಲಿದೆ ಎಂದು ಹೇಳಬಲ್ಲವರು ಮಲ್ಲೇಶಣ್ಣನನ್ನು ಬಿಟ್ಟರೆ ಅಲ್ಲಿ ಇನ್ನೊಬ್ಬರಿಲ್ಲ. ಮಲ್ಲೇಶಣ್ಣ ಉಳಿದರು.

ಹೊರಡುವ ಹಿಂದಿನ ಸಂಜೆ ಅವರು, ಬನ್ನಿ ಒಂದು ಕಡೆ ಹೋಗ್ಬರಾನ ಎಂದರು. ಹೋದೆವು. ಅಲ್ಲೂ ನೀರಿತ್ತು, ಆ ಬೇಸಿಗೆಯಲ್ಲೂ. ಐದು ವರ್ಷ ಜೊತೆಗೆ ನಡೆದಿದ್ದೇವೆ, ಒಮ್ಮೆಯೂ ತೋರಿಸಲಿಲ್ಲವಲ್ಲ ಎಂದು ಕೇಳಿದೆ.

"ನಿಮ್ಮ ಕೈಲಿ ಪುಸ್ತಕ ಇತ್ತಲ್ಲವ್ವ" ಎಂದರು.

ಫೋನ್ ಮಾಡಿದ ಹುಡುಗಿಗೆ ಇಷ್ಟು ಹೇಳಬೇಕಿತ್ತು. ಆಫೀಸಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ನಕಾಶೆ ಇದೆಯಂತೆ, ಚಂದ ಇದೆ ಎಂದು ಫೋನಿನಲ್ಲಿ ನೀನೇ ಹೇಳಿದೆ. ಅದು ನನ್ನದು. ಕೆಂಪು ಅಂಕಿಗಳು ಮೂರು. ಬೇಸಿಗೆ ಶುರುವಾದಾಗ ವಾರಕ್ಕೊಮ್ಮೆ ಆ ಮೂರೂ ಕಡೆಗೆ ಹೋಗಿ ಬಾ, ಸಿಮೆಂಟಿನ ವಾಸನೆ ಬಂದರೆ ಸ್ಟೋರಿನಲ್ಲಿ ಹಾರೆ ಇದೆ. ನಾಲ್ಕನೆಯದು ಅದರಲ್ಲಿಲ್ಲ. ಮಲ್ಲೇಶಣ್ಣ ನಿನ್ನನ್ನು ಇನ್ನೂ ಅಲ್ಲಿಗೆ ಕರೆದುಕೊಂಡು ಹೋಗಿಲ್ಲ ಎಂದಾದರೆ ಬೇಸರಪಡಬೇಡ. ಕರೆದ ದಿನ ಬೂಟು ಹಾಕಿಕೊ, ಬೈನಾಕ್ಯುಲರ್ ತೆಗೆದುಕೊ. ಪೆನ್ನನ್ನು ಮಾತ್ರ ಮನೆಯಲ್ಲಿಟ್ಟು ಹೋಗು.